ಕುಂಚಿಗೆಯ ಕೊನೆಯ ಹೂವು

ಎಂಟು ದಿನಕ್ಕೊಮ್ಮೆ ಬರುವ ನಳದ ನೀರು ಆ ಗುರುವಾರ ಬೆಳಗಿನ ಆರೂವರೆಗೆ ಬಂದಿತ್ತು. ಗುಲ್ನಾರ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತುಂಬಿದ ಕೊಡ ಒಳಗೆ, ಖಾಲಿ ಕೊಡ ಹೊರಗೆ ಎಂದು ಓಡಾಡುತ್ತಿದ್ದಳು. ಮಗಳು ಸಾಯಿಮಾ ಪೈಪಿನ ಬಾಯಿ ಹಿಡಿದು ಬ್ಯಾರಲಿನ ಹತ್ತಿರ ನಿಂತಿದ್ದಳು. ಅವಳ ಒಂದು ಜಡೆ ಹೆಣೆದಾಗಿತ್ತು, ಇನ್ನೊಂದು ಬಿಚ್ಚಿಕೊಂಡೇ ಇತ್ತು. ಸವಣೂರಿನ ಆ ಓಣಿಯಲ್ಲಿ ನೀರು ಬಂದ ಹೊತ್ತಿಗೆ ಯಾರೂ ಯಾರ ಮನೆಗೂ ಹೋಗುವುದಿಲ್ಲ. ಹಾಗಾಗಿ ಬಾಗಿಲ ಚಿಲಕ ಸದ್ದಾದಾಗ ಗುಲ್ನಾರಳಿಗೆ ಸಿಟ್ಟೇ ಬಂತು. ತಲೆ ಎತ್ತಿ ನೋಡಿದಳು. ಸಿಟ್ಟು ಇಳಿದುಹೋಗಿ, ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

ಹೊಸ್ತಿಲಲ್ಲಿ ಮಾಸೂರಿನ ಖತೀಜಾಬಿ ನಿಂತಿದ್ದಳು.

ವರ್ಷಕ್ಕೊಮ್ಮೆ, ಸುಗ್ಗಿ ಮುಗಿದ ಮೇಲೆ, ಮದಗದ ಕೆರೆಯ ನೀರಿಗೆ ಬೆಳೆದ ಹೊಸ ಅಕ್ಕಿಯ ಚೀಲ ಹಿಡಿದು ಬರುವ ಮುದುಕಿ. ಈ ಸಲ ಅಕ್ಕಿ ಇರಲಿಲ್ಲ. ಬಗಲಲ್ಲಿ ಬಟ್ಟೆಯದೊಂದು ಸಣ್ಣ ಗಂಟಿತ್ತು.

"ನಿನ್ನೆ ಹುಲಗೂರ ದರ್ಗಾಕ್ಕ ಬಂದಿದ್ದೆ. ರಾತ್ರಿ ಅಲ್ಲೇ ಉಳದು, ಮುಂಜಾನೆ ಮೊದಲನೇ ಬಸ್ಸು ಹತ್ತಿದೆ," ಎಂದಳು. "ನೀ ನೀರು ತುಂಬ್ಕೋ ಯವ್ವಾ. ನಂದೇನು ಅವಸರಿಲ್ಲ."

"ಸಲಾಂ ಅಜ್ಜಿ," ಎಂದು ಸಾಯಿಮಾ ನಕ್ಕಳು. ಮುದುಕಿ ಹುಡುಗಿಯ ಮುಖಕ್ಕಿಂತ ಮೊದಲು ಕೈಯನ್ನು ನೋಡಿದಳು. ಪೈಪು ಎಡಗೈಯಲ್ಲಿತ್ತು.

"ಇನ್ನೂ ರೊಡ್ಡಿನ ಅದೀಯೇನ?"

"ಹೂಂ ಅಜ್ಜಿ. ಸಾಲ್ಯಾಗ ನಾ ಒಬ್ಬಾಕಿನ ಎಡಗೈಲೆ ಬರಿಯಾಕಿ. ಬಲಗೈ ಹಿಡಿ ಅಂತ ಟೀಚರ್ ಅಂದಿದ್ರು. ಅವ್ವ ಹೋಗಿ ಜಗಳಾಡಿ ಬಂದ್ಲು."

"ಜಗಳಾಡಿ ಬಂದ್ಲೇನ?" ಖತೀಜಾಬಿ ಗುಲ್ನಾರಳ ಕಡೆ ತಿರುಗಿದಳು. "ಚಲೋ ಮಾಡಿದಿ."

ಅದು ಹೊಗಳಿಕೆಯೋ ಚುಚ್ಚುಮಾತೋ ಗುಲ್ನಾರಳಿಗೆ ತಿಳಿಯಲಿಲ್ಲ. ಮುದುಕಿ ಕಟ್ಟೆಯ ಮೇಲೆ ಕೂತು, ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. "ಮಂದಿ ಅರ್ಧಾ ಬಿಟ್ಟಿದ್ದೆಲ್ಲಾ ತಂದ್ರ ನೀ ಮುಗಸಿ ಕೊಡ್ತಿಯಂತ. ಹಾನಗಲ್ಲ ತನಕ ನಿನ್ನ ಸುದ್ದಿ ಐತಿ. ಇದೊಂದು ಮುಗಸಿ ಕೊಡು."

"ಯಾರದಜ್ಜಿ?" ಸಾಯಿಮಾ ಪೈಪು ಬಿಟ್ಟು ಓಡಿಬಂದಳು. ಮನೆಗೆ ಇಂಥ ಗಂಟು ಬಂದರೆ ಅವಳಿಗೆ ಹಬ್ಬ. ಬಿಚ್ಚುವ ಕೆಲಸ ಯಾವಾಗಲೂ ಅವಳದೇ.

"ಅದನ್ನ ನಿಮ್ಮವ್ವ ಹೇಳ್ತಾಳ."

ಸಾಯಿಮಾಳ ಬೆರಳು ಗಂಟಿಗೆ ಹೋಗುವಷ್ಟರಲ್ಲಿ ಗುಲ್ನಾರಳ ಒದ್ದೆ ಕೈ ಅದರ ಮೇಲೆ ಬಿದ್ದಿತ್ತು. "ಬ್ಯಾರಲ್ ತುಂಬಿ ಹರಿಯಾಕತ್ತೈತಿ. ನಳ ಬಂದ್ ಮಾಡು, ಹೋಗು."

ನೀರು ಅಂಗಳ ದಾಟಿ ಹೊಸ್ತಿಲವರೆಗೆ ಬಂದಿತ್ತು. ಸಾಯಿಮಾ ಅವ್ವನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು. ಏನೋ ಕೇಳಲು ಬಾಯಿ ತೆರೆದಳು. ಆಮೇಲೆ, "ಅವ್ವ, ಇನ್ನೊಂದು ಜಡಿ ಯಾವಾಗ ಹಾಕ್ತಿ?" ಎಂದಳು.

ಅವಳು ಕೇಳಬೇಕೆಂದಿದ್ದು ಜಡೆಯ ಮಾತಲ್ಲ ಎಂಬುದು ಗುಲ್ನಾರಳಿಗೆ ಗೊತ್ತಿತ್ತು. ಮೂರ್ನಾಲ್ಕು ವರ್ಷಗಳಿಂದ ಹೀಗೇ ನಡೆದಿತ್ತು. ಮಾಸೂರಿನ ಅಜ್ಜಿ ಬಂದು ಹೋದಾಗಲೆಲ್ಲ ಈ ಹುಡುಗಿಯ ಬಾಯಿಗೆ ಒಂದು ಪ್ರಶ್ನೆ ಬರುತ್ತಿತ್ತು. ಅದನ್ನು ನುಂಗಿ, ನಾಳೆ ಡಬ್ಬಿಗೆ ಏನು, ರಜೆ ಯಾವಾಗ ಎಂದು ಇನ್ನೇನನ್ನೋ ಕೇಳುತ್ತಿದ್ದಳು. ಗುಲ್ನಾರ ಆ ಇನ್ನೇನಕ್ಕೋ ಉತ್ತರ ಕೊಟ್ಟು ಉಸಿರು ಬಿಡುತ್ತಿದ್ದಳು.

ಸಾಯಿಮಾ ಶಾಲೆಗೆ ಹೋದ ಮೇಲೆ ಖತೀಜಾಬಿ ತಾನೇ ಗಂಟು ಬಿಚ್ಚಿದಳು.

ಒಳಗಿದ್ದದ್ದು ಒಂದು ಕುಂಚಿಗೆ. ಎಳೆಗೂಸಿನ ತಲೆಗೆ ಟೊಪ್ಪಿಗೆಯಾಗಿ, ಬೆನ್ನಿಗೆ ಹೊದಿಕೆಯಾಗಿ ಇಳಿಬೀಳುವ ಬಿಳಿಯ ಮೆತ್ತನೆ ಬಟ್ಟೆ. ಬೆನ್ನಿನ ಭಾಗದ ಅಂಚಿನುದ್ದಕ್ಕೂ ಕೆಂಪು ರೇಷ್ಮೆ ದಾರದ ಬಳ್ಳಿ, ಬಳ್ಳಿಯಲ್ಲಿ ಎಲೆಗಳು, ಹನ್ನೊಂದು ಹೂವು. ಹನ್ನೆರಡನೆಯ ಹೂವಿನ ಜಾಗದಲ್ಲಿ ಪೆನ್ಸಿಲಿನ ಗೆರೆ ಮಾತ್ರ. ಅದರ ಪಕ್ಕದಲ್ಲೇ ಒಂದು ಸೂಜಿ ಬಟ್ಟೆಗೆ ಚುಚ್ಚಿಟ್ಟಿತ್ತು. ಒಂದು ಹೂವಿಗೆ ಸಾಲುವಷ್ಟು ದಾರ ಸೂಜಿಯಲ್ಲಿ ಹಾಗೇ ಇತ್ತು. ಸೂಜಿ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಬಿಟ್ಟಿತ್ತು.

"ಟ್ರಂಕಿನ ತಳದಾಗ ಇತ್ತು," ಎಂದಳು ಖತೀಜಾಬಿ. "ಮನಿ ರಿಪೇರಿಗೆ ತಗದಾಗ ಸಿಕ್ತು. ಕೂಸು ಹುಟ್ಟೂದಕ್ಕಿಂತ ಮದ್ಲ ಕುಂಚಿಗಿ ಪೂರಾ ಮಾಡಬಾರದು. ಹಡದಾಕಿ ಕೂಸಿನ ಮಾರಿ ನೋಡಿ ಕಡೀ ಹೂವು ಹಾಕಬೇಕು. ನಾನ ಹೇಳಿದ್ದೆ, ಒಂದು ಹೂವು ಬಿಡು ಚಮನ, ಅಂತ. ಬಿಟ್ಟಳು."

ಗುಲ್ನಾರ ತುಕ್ಕಿನ ಕಲೆಯ ಮೇಲೆ ಬೆರಳಿಟ್ಟಳು.

ಚಮನಬಿ ಗುಲ್ನಾರಳ ಗಂಡ ಮುಸ್ತಾಕನ ಒಬ್ಬಳೇ ತಂಗಿ, ಖತೀಜಾಬಿಯ ಸೊಸೆ. ಹಡೆದ ಆರನೆಯ ದಿನ ಜ್ವರ ಬಂದು ಹೋಗಿಬಿಟ್ಟಳು. ಅವಳ ಗಂಡ ವರ್ಷದೊಳಗೆ ಇನ್ನೊಂದು ಮದುವೆಯಾಗಿ ಬೇರೆ ಸಂಸಾರ ಹೂಡಿದ. ಇಪ್ಪತ್ತು ದಿನದ ಕೂಸನ್ನು ಮುಸ್ತಾಕ ಎದೆಗವಚಿಕೊಂಡು ಮಾಸೂರಿನಿಂದ ಹತ್ತಿಮತ್ತೂರಿಗೆ ತಂದ. ಮದುವೆಯಾಗಿ ಎಂಟು ವರ್ಷ ಬರಿಗೈಯಲ್ಲಿದ್ದ ಗುಲ್ನಾರ ಆ ಕೂಸಿಗೆ ಒಳಲೆಯಲ್ಲಿ ಹಸುವಿನ ಹಾಲು ಕುಡಿಸಿದಳು. ಸಾಯಿಮಾ ಎಂದು ಕರೆದಳು. ಊರಿನವರ ಬಾಯಿಗೆ ಹೆದರಿ ಗಂಡ ಹೆಂಡತಿ ಇಬ್ಬರೂ ಹತ್ತಿಮತ್ತೂರು ಬಿಟ್ಟು ಸವಣೂರಿಗೆ ಬಂದು, ಬಸ್ ಸ್ಟ್ಯಾಂಡಿನ ಹತ್ತಿರ ಗಾದಿ ಅಂಗಡಿ ಹಾಕಿದರು. ಕೂಸನ್ನು ಕೊಡುವಾಗ ಖತೀಜಾಬಿ ಒಂದೇ ಮಾತು ಕೇಳಿದ್ದಳು. ಹುಡುಗಿಗೆ ಹತ್ತು ವರ್ಷ ತುಂಬಿದಾಗ ಅವಳನ್ನು ಹೆತ್ತವಳು ಯಾರೆಂದು ಹೇಳಬೇಕು. ಹೇಳುತ್ತೇವೆ ಎಂದು ಗುಲ್ನಾರಳೇ ಮಾತು ಕೊಟ್ಟಿದ್ದಳು. ಕೂಸು ಕೈಗೆ ಬರುವುದಿದ್ದರೆ ಆಗ ಅವಳು ಏನು ಬೇಕಾದರೂ ಹೇಳುತ್ತಿದ್ದಳು.

"ನಾಳೆ ಬಿಟ್ಟು ಮುಂದಿನ ಶುಕ್ರವಾರಕ್ಕ ಹತ್ತು ತುಂಬತಾವ," ಎಂದಳು ಖತೀಜಾಬಿ. "ಹೇಳೀಯೇನ?"

"ಇಲ್ರಿ ಅಮ್ಮಾರ."

"ಹೇಳ್ತೀಯೇನ?"

"ಸಣ್ಣಾಕಿ ಅದಾಳ್ರಿ ಇನ್ನೂ."

"ನನಗ ವಯಸ್ಸಾತು. ಅಕಿ ದೊಡ್ಡಾಕಿ ಆಗೂತನಕ ನಾ ಇರಾಕಿಲ್ಲ." ಮುದುಕಿ ಕುಂಚಿಗೆಯ ಸುಕ್ಕನ್ನು ಅಂಗೈಯಿಂದ ಸವರಿದಳು. "ಬಾಣಂತನಕ್ಕ ಅಣ್ಣನ ಮನಿಗೆ ಹೋಗ್ತೇನಿ ಅಂತ ಚಮನ ದಿನಾ ಹಾದಿ ನೋಡಿದಳು. ಅಣ್ಣನ ಹೆಂಡ್ತಿಗೆ ನಡಾ ನೂಸ್ತೈತಿ ಅಂತ ಸುದ್ದಿ ಬಂತು. ಬಾಣಂತನಕ್ಕ ಕರಿಯಾಕ ಬರಲಿಲ್ಲ, ಕೂಸಿಗೆ ಮಾತ್ರ ಬಂದ್ರಿ. ಅದನ್ನ ನಾ ಯಾರ ಮುಂದೂ ಆಡಿಲ್ಲ. ಹತ್ತು ವರ್ಷ ಆತು, ನಿನ್ನ ಮುಂದೂ ಆಡಿದ್ದಿಲ್ಲ."

ಆ ವರ್ಷ ಗುಲ್ನಾರಳಿಗೆ ಸೊಂಟನೋವಿರಲಿಲ್ಲ. ತವರಿನಲ್ಲಿ ತಾಯಿ ಇಲ್ಲದ ನಾದಿನಿಯನ್ನು ಚೊಚ್ಚಲ ಬಾಣಂತನಕ್ಕೆ ಕರೆತರಬೇಕಾದವಳು ಅವಳೇ. ತುಂಬಿದ ಹೊಟ್ಟೆ ಹೊತ್ತು ಚಮನಬಿ ತನ್ನ ಮನೆಯಲ್ಲಿ ಓಡಾಡುವುದನ್ನು ನೆನೆದರೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಸುಳ್ಳು ಹೇಳಿ ಕಳಿಸಿದ್ದಳು. ಇದು ಮುಸ್ತಾಕನಿಗೂ ಗೊತ್ತಿರಲಿಲ್ಲ.

"ಮುಂದಿನ ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬರ್ತೇನಿ," ಎಂದು ಖತೀಜಾಬಿ ಎದ್ದಳು. "ಹೂವು ಮುಗಸಿ ಇಡು. ಹುಡುಗಿಗೆ ಹೇಳಿ ಇಡು. ನೀ ಹೇಳದಿದ್ರ ನಾ ಹೇಳ್ತೇನಿ. ನಾ ಹೇಳಿದ್ರ ಎಲ್ಲಾನೂ ಹೇಳ್ತೇನಿ."

ಅರ್ಧಕ್ಕೆ ನಿಂತ ಕೈಕೆಲಸ ಮುಗಿಸುವುದು ಗುಲ್ನಾರಳಿಗೆ ಹತ್ತಿದ್ದು ಸಾಯಿಮಾ ಶಾಲೆಗೆ ಹೋಗತೊಡಗಿದ ವರ್ಷ. ಮಗಳಿಲ್ಲದ ಮಧ್ಯಾಹ್ನಗಳು ಉದ್ದವಾಗಿದ್ದವು. ಗಾದಿ ಅಂಗಡಿಗೆ ಬಂದ ಹೆಂಗಸೊಬ್ಬಳು, ತೀರಿಹೋದ ಅಕ್ಕ ಹೆಣೆಯುತ್ತಿದ್ದ ಮಫ್ಲರು ಕಡ್ಡಿಗಳ ಸಮೇತ ಮನೆಯಲ್ಲಿದೆ, ಎಸೆಯಲು ಮನಸ್ಸು ಬಾರದು ಎಂದಳಂತೆ. ತನ್ನಿ, ನನ್ನವಳು ಮುಗಿಸುತ್ತಾಳೆ ಎಂದ ಮುಸ್ತಾಕ. ಅಲ್ಲಿಂದ ಶಿಗ್ಗಾವಿ, ಹಾನಗಲ್ಲಿನಿಂದಲೂ ಚೀಲಗಳು ಬರತೊಡಗಿದವು. ಒಂದು ತೋಳಿಲ್ಲದ ಸ್ವೆಟರು, ಅರ್ಧ ನವಿಲಿನ ದಿಂಬಿನ ಚೀಲ, ಮೂರೇ ಮೂಲೆ ಮುಗಿದ ಮೇಜುಬಟ್ಟೆ. ಗುಲ್ನಾರ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಚಹಾ ಕುಡಿದು, ಶುರುಮಾಡಿದವರು ಎಂಥವರಿದ್ದರು ಎಂದು ಹೇಳಿ ಹೋಗಬೇಕು, ಅಷ್ಟೆ.

ಅವಳದೊಂದು ನೇಮವಿತ್ತು. ಬೇರೆಯವರು ಹಾಕಿದ ಒಂದೇ ಒಂದು ಹೊಲಿಗೆಯನ್ನೂ ಬಿಚ್ಚುತ್ತಿರಲಿಲ್ಲ. ಈಗ ಕೈಯಲ್ಲಿದ್ದ ಸ್ವೆಟರು ಹಿಂದಿನ ಓಣಿಯ ಪದ್ಮಾಬಾಯಿಯವರದು. ಮೊಮ್ಮಗ ಪ್ರಾಣೇಶನಿಗೆಂದು ಹೆಣೆಯುತ್ತ ಹೆಣೆಯುತ್ತ ಆಕೆ ತೀರಿಕೊಂಡಿದ್ದರು. ಎದೆಯ ಮೇಲೆ ಒಂದು ಸಾಲು ಸೀದಾ ಹೆಣೆಯುವ ಕಡೆ ಉಲ್ಟಾ ಹೆಣೆದುಬಿಟ್ಟಿದ್ದರು. ಅದನ್ನು ಬಿಚ್ಚಿ ಸರಿಮಾಡಲಾದೀತೇ ಎಂದು ಸೊಸೆ ಶ್ರೀವಿದ್ಯಾ ಕೇಳಿದಾಗ ಗುಲ್ನಾರ ಒಪ್ಪಿರಲಿಲ್ಲ. "ತಪ್ಪಿದ್ರೂ ಅವರದ ಅಲ್ರಿ. ನಾ ಮುಟ್ಟಾಂಗಿಲ್ಲ," ಎಂದಿದ್ದಳು. ಪಕ್ಕದಲ್ಲಿ ಉಲನ್ ಉಂಡೆ ಸುತ್ತುತ್ತ ಕೂತಿದ್ದ ಸಾಯಿಮಾ ಅದನ್ನು ಕೇಳಿಸಿಕೊಂಡಿದ್ದಳು.

ಸಾಯಿಮಾಳಿಗೂ ಸೂಜಿ ಹಿಡಿಯುವುದನ್ನು ಗುಲ್ನಾರಳೇ ಕಲಿಸಿದ್ದು. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ಹೋದಾಗ ಆಗಲಿಲ್ಲ. ಎಲ್ಲವೂ ತಿರುವು ಮುರುವಾಗುತ್ತಿತ್ತು. ಕೊನೆಗೆ ಎದುರಿಗೆ ಕೂತಳು. ಕನ್ನಡಿಯಲ್ಲಿ ನೋಡಿದಂತೆ ಅವ್ವನ ಬಲಗೈ ಮಗಳ ಎಡಗೈಗೆ ದಾರಿ ತೋರಿಸಿತು. ಬಳ್ಳಿಗೆ ಹಾಕುವ ಹೊಲಿಗೆ ಹಗ್ಗ ಹೊಸೆದ ಹಾಗೆ ಒಂದರ ಪಕ್ಕ ಒಂದು ಓರೆಯಾಗಿ ಒರಗುತ್ತದೆ. ಗುಲ್ನಾರಳದು ಬಲಕ್ಕೆ ವಾಲಿದರೆ ಸಾಯಿಮಾಳದು ಎಡಕ್ಕೆ ವಾಲುತ್ತಿತ್ತು. "ನಂದು ಎಲ್ಲಾರಕಿಂತ ಬ್ಯಾರೆ," ಎಂದು ಹುಡುಗಿ ಹೆಮ್ಮೆಪಡುತ್ತಿದ್ದಳು.

ಕುಂಚಿಗೆಯ ಬಳ್ಳಿ ಇಡಿಯಾಗಿ ಎಡಕ್ಕೆ ವಾಲಿತ್ತು.

ಅಂದು ಸಂಜೆ ಮುಸ್ತಾಕ ಹುಬ್ಬಿನ ತುಂಬ ಹತ್ತಿಯ ಎಳೆ ಹೊತ್ತು ಮನೆಗೆ ಬಂದ. ಸಾಯಿಮಾ ಆಚೆ ಮನೆಯಲ್ಲಿ ಆಡುತ್ತಿದ್ದಳು. ಗುಲ್ನಾರ ಕುಂಚಿಗೆಯನ್ನು ಅವನ ಮುಂದಿಟ್ಟು, ಖತೀಜಾಬಿ ಬಂದದ್ದು, ಶುಕ್ರವಾರದ ಗಡುವು, ಎಲ್ಲ ಹೇಳಿದಳು. ಸೊಂಟನೋವಿನ ಮಾತೊಂದನ್ನು ಬಿಟ್ಟು. ಅವನು ಕೈ ಚಾಚಿದವನು ಹಿಂದೆ ತೆಗೆದುಕೊಂಡ. ಬಚ್ಚಲಿಗೆ ಹೋಗಿ ಕೈ ತೊಳೆದು, ಲುಂಗಿಗೆ ಒರೆಸಿಕೊಂಡು ಬಂದು ಮುಟ್ಟಿದ.

"ಅಕಿನ ಕೈ," ಎಂದ. ಬಹಳ ಹೊತ್ತು ಬಳ್ಳಿಯ ಮೇಲೆ ಹೆಬ್ಬೆರಳು ಓಡಿಸುತ್ತ ಕೂತ. "ಸಣ್ಣಾಕಿದ್ದಾಗ ಅಪ್ಪ ಎಡಗೈ ಕಟ್ಟಿ ಕುಂಡರಸ್ತಿದ್ದ. ನಾ ಬಿಚ್ಚಿ ಬಿಡ್ತಿದ್ದೆ." ಆಮೇಲೆ ಕೇಳಿದ, "ನಾ ಹೇಳ್ಲೇನ ಸಾಯಿಮಾಗ?"

"ಬ್ಯಾಡ್ರಿ. ಹೇಳೂದಾದ್ರ ನಾನ ಹೇಳಬೇಕು."

"ಮತ್ತ ಹೇಳು."

"ಹೇಳ್ತೇನಿ."

"ನಾ ಗಾದಿ ಹೊಲಿಯಾಂವ. ನನ್ನ ಸೂಜಿ ಗೇಣುದ್ದ ಐತಿ, ಎಲ್ಲಿ ಚುಚ್ಚತೈತಿ ಅಂತ ಎದ್ದು ಕಾಣ್ತೈತಿ," ಎಂದ ಮುಸ್ತಾಕ, ನಗಲು ನೋಡುತ್ತ. "ನಿನ್ನ ಸೂಜಿ ಸಣ್ಣದು. ಅದನ್ನ ಕಂಡ್ರ ನನಗ ಹೆದರಿಕಿ."

ಮರುದಿನ ಶುಕ್ರವಾರ ಹೇಳಲಿಲ್ಲ, ಸಾಯಿಮಾಳಿಗೆ ಪರೀಕ್ಷೆಯಿತ್ತು. ಶನಿವಾರ ಹೇಳಲಿಲ್ಲ, ಹುಡುಗಿ ನಗುನಗುತ್ತ ಬಂದಿದ್ದಳು. ಮಗಳು ಮನೆಯಲ್ಲಿದ್ದಷ್ಟು ಹೊತ್ತು ಕುಂಚಿಗೆ ಹೊಸ ಗಾದಿಯ ಹತ್ತಿಯ ಚೀಲದೊಳಗೆ ಅಡಗಿರುತ್ತಿತ್ತು. ಹೊರಗೆ ಹೋದೊಡನೆ ಗುಲ್ನಾರಳ ಕೈಗೆ ಬರುತ್ತಿತ್ತು. ಹಳೆಯ ಬಟ್ಟೆಯ ತುಂಡಿನ ಮೇಲೆ ಹನ್ನೆರಡನೆಯ ಹೂವನ್ನು ಆರು ಸಲ ಹಾಕಿ ನೋಡಿದಳು. ದಾರವನ್ನು ಸೂಜಿಯ ಆಚೆ ಬದಿಗೆ ಹಿಡಿದರೆ ಓರೆ ಎಡಕ್ಕೇ ಬೀಳುತ್ತಿತ್ತು. ಆದರೆ ಚಮನಬಿಯ ಹೊಲಿಗೆ ಸಡಿಲವಾಗಿ, ಉಸಿರಾಡುವಂತೆ ಇತ್ತು. ಇವಳದು ಹಲ್ಲು ಕಚ್ಚಿದಂತೆ ಬಿಗಿಯಾಗುತ್ತಿತ್ತು. ಎಷ್ಟೋ ಮನೆಯ ಕೈಗಳಿಗೆ ತನ್ನ ಕೈ ಹೊಂದಿಸಿದವಳಿಗೆ ಈ ಒಂದು ಕೈ ಸಿಗಲಿಲ್ಲ.

ಭಾನುವಾರ ಊಟ ಮಾಡುತ್ತ ಸಾಯಿಮಾ ಕೇಳಿದಳು, "ಮಾಸೂರ ಅಜ್ಜಿ ಗಂಟು ಎಲ್ಲೈತಿ ಅವ್ವ?"

"ಐತಿ ಒಳಗ."

"ಏನೈತಿ ಅದ್ರಾಗ?"

"ಹಳೇ ಅರಬಿ ಬಟ್ಟಿ."

"ಯಾರು ಶುರು ಮಾಡಿದ್ದಂತ?"

ಮುಸ್ತಾಕ ತಾಟಿನಿಂದ ತಲೆ ಎತ್ತಿದ. ಗುಲ್ನಾರ ರೊಟ್ಟಿಯ ಮೇಲೆ ಪಲ್ಯ ಬಡಿಸಿದಳು. "ಉಣ್ಣು. ಆರಿ ಹೋಗ್ತೈತಿ."

ಹುಡುಗಿ ಉಂಡಳು. ಶುರುಮಾಡಿದವರ ಕಥೆಯನ್ನು ಅವ್ವ ಹೇಳದೇ ಇದ್ದದ್ದು ಇದೇ ಮೊದಲು.

ಸೋಮವಾರ ಬೆಳಿಗ್ಗೆ ಗುಲ್ನಾರಳಿಗೊಂದು ಯೋಚನೆ ಹೊಳೆಯಿತು. ಹೂವೊಂದನ್ನೇ ಏಕೆ, ಬಳ್ಳಿಯನ್ನೇ ತನ್ನ ಕೈಯಲ್ಲಿ ಮತ್ತೆ ಹಾಕಿದರೆ? ಎಲ್ಲವೂ ಬಲಕ್ಕೆ ವಾಲಿದರೆ ಅದೊಂದು ಬರಿಯ ಕುಂಚಿಗೆ. ಸಾಯಿಮಾಳ ಕೈಗೆ ಬಂದರೂ ಅವಳು ಇದು ನನ್ನ ಹೊಲಿಗೆ ಎನ್ನಲಾರಳು. ಖತೀಜಾಬಿಯ ಕೈಕಾಲು ಹಿಡಿದು ಇನ್ನೊಂದೆರಡು ವರ್ಷ ತಡೆಯಬಹುದು. ಸಣ್ಣ ಕತ್ತರಿ ತೆಗೆದುಕೊಂಡಳು. ಮೊದಲ ಎಲೆಯ ಕೆಳಗೆ ತುದಿ ತೂರಿಸಿದಳು. ದಾರ ಟಕ್ಕೆಂದು ಕಡಿಯಿತು. ಅಷ್ಟು ಸಣ್ಣ ಸದ್ದಿಗೆ ಬೆಚ್ಚಿ ಬಾಗಿಲ ಕಡೆ ನೋಡಿದಳು. ಯಾರೂ ಇರಲಿಲ್ಲ. ಒಂದು ಎಲೆ ಬಿಚ್ಚಿದಳು. ಎರಡನೆಯ ಎಲೆ ಬಿಚ್ಚಿದಳು. ದಾರ ಹೋದರೂ ಬಟ್ಟೆಯಲ್ಲಿ ಸೂಜಿಯ ತೂತುಗಳು ಹಾಗೇ ಉಳಿದವು, ಎರಡೆರಡು ಎಡಕ್ಕೆ ಓರೆಯಾಗಿ. ಉಗುರಿನಿಂದ ಉಜ್ಜಿದಳು. ನೀರು ಮುಟ್ಟಿಸಿ ಉಜ್ಜಿದಳು. ತೂತು ಮುಚ್ಚಲಿಲ್ಲ. ಚಮನಬಿಯ ಮೇಲೆ ಇದು ಎರಡನೆಯ ಸಲ ಬಾಗಿಲು ಹಾಕುತ್ತಿರುವುದು ಎಂದು ಆಗ ಅವಳಿಗೆ ಅನ್ನಿಸಿತು. ಕತ್ತರಿ ಕೆಳಗಿಟ್ಟಳು.

ಚೂರುಗಳನ್ನು ಆರಿಸಿ ಒಲೆಗೆ ಹಾಕಿದಳು. ಒಂದೆರಡು ಉಳಿದವು. ಮರುದಿನ ಶಾಲೆಯಿಂದ ಬಂದ ಸಾಯಿಮಾ ಅವ್ವನ ಸೆರಗಿನ ಅಂಚಿನಿಂದ ಬೆರಳುಗುರಿನಷ್ಟು ಉದ್ದದ ಕೆಂಪು ಎಳೆಯೊಂದನ್ನು ಎತ್ತಿ ಹಿಡಿದಳು. ಹೊಸ ದಾರ ನೇರವಾಗಿರುತ್ತದೆ, ಬಿಚ್ಚಿದ ದಾರ ಮುರುಟಿರುತ್ತದೆ. ಅವಳಿಗೆ ಇದನ್ನು ಹೇಳಿಕೊಟ್ಟವಳೂ ಗುಲ್ನಾರಳೇ.

"ಅವ್ವ, ಯಾರದೋ ಬಿಚ್ಚೀಯಲ್ಲ."

"ಇಲ್ಲ. ನಂದ ತಪ್ಪಿತ್ತು, ಬಿಚ್ಚಿದೆ."

"ನೀ ಕೆಂಪು ಹಾಕಾಕತ್ತಿಲ್ಲಲ್ಲ. ಪದ್ಮಾಬಾಯಿ ಅಜ್ಜಿದು ನೀಲಿ."

ಗುಲ್ನಾರ ಸೆರಗು ಕೊಡವಿಕೊಂಡಳು. ಸಾಯಿಮಾ ಬಾಯಿ ತೆರೆದಳು. ಗುಲ್ನಾರ ಉಸಿರು ಹಿಡಿದಳು. ಹುಡುಗಿ ಎಳೆಯನ್ನು ಎರಡು ಬೆರಳಲ್ಲಿ ತಿರುವಿ ತಿರುವಿ ನೋಡಿ, ತನ್ನ ಕಂಪಾಸ್ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. "ಹಸಿವ್ಯಾಗೈತಿ," ಎಂದಳು.

ಬುಧವಾರ ಮಧ್ಯಾಹ್ನ ಶ್ರೀವಿದ್ಯಾ ಸ್ವೆಟರು ಒಯ್ಯಲು ಬಂದರು. ಬ್ಯಾಂಕಿನ ಕೆಲಸದ ನಡುವೆ ಬಿಡುವು ಮಾಡಿಕೊಂಡು ಬಂದಿದ್ದರು. ಅರ್ಧ ದಿನ ರಜೆಯೆಂದು ಸಾಯಿಮಾಳೂ ಮನೆಯಲ್ಲೇ ಇದ್ದಳು. ಎರಡನೆಯ ತೋಳು ಎಲ್ಲಿಂದ ಶುರುವಾಗಿದೆ ಎಂದು ಶ್ರೀವಿದ್ಯಾ ಬೆಳಕಿಗೆ ಹಿಡಿದು ಹುಡುಕಿದರು. ಸಿಗಲಿಲ್ಲ. ಎದೆಯ ಮೇಲಿನ ಉಲ್ಟಾ ಸಾಲು ಮಾತ್ರ ಥಟ್ಟನೆ ಕೈಗೆ ಸಿಕ್ಕಿತು.

"ಬಿಚ್ಚಿ ಬಿಡ್ರಿ ಅಂತ ನಾನ ಅಂದಿದ್ದೆ ನೋಡ್ರಿ," ಎಂದು ನಕ್ಕರು. "ಎಷ್ಟು ಹುಚ್ಚಿ ನಾನು. ಈ ಸಾಲು ಹಾಕೋ ಮುಂದ ನಮ್ಮತ್ತಿ ಪ್ರಾಣೇಶನ ಕೂಡ ಜಗಳಾಡ್ಲಿಕತ್ತಿದ್ರು. ಚಷ್ಮಾ ಎಲ್ಲಿಟ್ಟೀಯೋ ಅಂತ. ಚಷ್ಮಾ ಅವರ ತಲಿ ಮ್ಯಾಲೇ ಇತ್ತು. ಇದನ್ನ ಮುಟ್ಟಿದ ಕೂಡಲೆ ಅವರ ಧ್ವನಿ ಕೇಳಸ್ತದ ನನಗ." ಸೆರಗಿನಿಂದ ಕಣ್ಣೊರೆಸಿಕೊಂಡರು. "ಇದೊಂದು ಸಾಲು ಇರದಿದ್ರ ಇದು ಅಂಗಡಿ ಸ್ವೆಟರ್ ಆಗ್ತಿತ್ತು, ಗುಲ್ನಾರ ಅವರ."

"ಅವ್ವ ಯಾರದೂ ಬಿಚ್ಚಂಗಿಲ್ರಿ," ಎಂದಳು ಸಾಯಿಮಾ, ಅವ್ವನ ಕಡೆ ನೋಡದೆ.

ಶ್ರೀವಿದ್ಯಾ ಹೋದರು. ಚಹಾದ ಕಪ್ಪು ತೊಳೆಯುತ್ತ ಗುಲ್ನಾರ ಬಚ್ಚಲಲ್ಲಿ ಬಹಳ ಹೊತ್ತು ನಿಂತಳು. ಮಗಳು ಸುಳ್ಳನ್ನು ಸುಳ್ಳೆಂದು ತಿಳಿದೂ ಪರರ ಮುಂದೆ ತನ್ನನ್ನು ಕಾಪಾಡಿದ್ದಳು. ಇಷ್ಟು ಸಣ್ಣ ಹುಡುಗಿ ಇದನ್ನು ಎಷ್ಟು ದಿನ ಹೊತ್ತು ತಿರುಗಬೇಕು?

ಗುರುವಾರ ಮುಸ್ತಾಕ ಅಂಗಡಿಗೆ ಹೊರಟವನು ಬಾಗಿಲಲ್ಲಿ ನಿಂತ. ಗುಲ್ನಾರ ಅವನನ್ನು ಒಳಗೆ ಕರೆದು, ಬಿಚ್ಚಿದ ಎರಡು ಎಲೆಯ ಜಾಗ ತೋರಿಸಿದಳು. ಆಮೇಲೆ ಸೊಂಟನೋವಿನ ಮಾತನ್ನೂ ಹೇಳಿದಳು. ಹತ್ತು ವರ್ಷ ಹೊತ್ತದ್ದನ್ನು ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವನು ಗೋಡೆಗೆ ಒರಗಿ ನಿಂತು ಕೇಳಿದ. ಬೈಯಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

"ಅಕೀದಂತ ಉಳದಿದ್ದು ಇದೊಂದ ಇತ್ತು," ಎಂದ ಕೊನೆಗೆ. ಚಪ್ಪಲಿ ಮೆಟ್ಟಿಕೊಂಡು ಹೊರಟ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ನಾಳೆ ಸಾಯಿಮಾನ ಸಾಲಿಗೆ ಕಳಸಬ್ಯಾಡ."

ಶುಕ್ರವಾರ ಬೆಳಗಾಯಿತು. ಮುಸ್ತಾಕ ಮಗಳ ತಲೆ ಸವರಿ, ಬೇಗನೆ ಅಂಗಡಿಗೆ ಹೋದ. ಗುಲ್ನಾರ ಸಾಯಿಮಾಳಿಗೆ ಎಣ್ಣೆ ಹಚ್ಚಿ ಎರಡೂ ಜಡೆ ಹಾಕಿದಳು. ಶಾಲೆಯ ಅಂಗಿ ತೊಡಿಸಲಿಲ್ಲ. ಏಕೆಂದು ಹುಡುಗಿ ಕೇಳಲೂ ಇಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿದಳು. ಹತ್ತಿಯ ಚೀಲದಿಂದ ಕುಂಚಿಗೆ ತಂದಳು. ಅದಕ್ಕೆ ಅಂಟಿಕೊಂಡಿದ್ದ ಹತ್ತಿಯನ್ನು ಒಂದೊಂದಾಗಿ ಬಿಡಿಸಿ, ಮಗಳ ಮಡಿಲಲ್ಲಿ ಹಾಸಿದಳು. ತುಕ್ಕು ಹಿಡಿದ ಸೂಜಿಯಿಂದ ಹಳೆಯ ದಾರವನ್ನು ಬಿಡಿಸಿ ಹೊಸ ಸೂಜಿಗೆ ಏರಿಸಿದ್ದಳು. ಬಿಚ್ಚಿದ ಎಲೆಗಳಿಗೆ ಅಂಥದೇ ಬಣ್ಣದ ಬೇರೆ ದಾರವನ್ನು ಇನ್ನೊಂದು ಸೂಜಿಗೆ ಏರಿಸಿ ಪಕ್ಕದಲ್ಲಿ ಇಟ್ಟಳು. ಆಮೇಲೆ ತಾನು ಎದುರಿಗೆ ಕೂತಳು, ಹೊಲಿಗೆ ಕಲಿಸಿದ ದಿನ ಕೂತ ಹಾಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ. ಪಕ್ಕದಲ್ಲಿ ಕೂತಿದ್ದರೆ ಮುಖ ಮುಚ್ಚಿಕೊಳ್ಳಬಹುದಿತ್ತು.

"ಇದು ನನ್ನ ಕಡೆ ಮುಗಿಯಾಂಗಿಲ್ಲ," ಎಂದಳು. "ನೀ ಮುಗಸು."

ಸಾಯಿಮಾ ಕುಂಚಿಗೆಯನ್ನು ನೋಡಿದಳು. ಅಂಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ಬಳ್ಳಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಅವಳ ಕಣ್ಣು ನಿಧಾನವಾಗಿ ಹೋಯಿತು. ಮುಖದಲ್ಲಿ ಮೊದಲು ನಗೆ ಮೂಡಿತು, ತನ್ನದೇ ಅಕ್ಷರವನ್ನು ಬೇರೆಯವರ ಪುಸ್ತಕದಲ್ಲಿ ಕಂಡ ಹಾಗೆ. ನಗೆ ಅರ್ಧಕ್ಕೇ ನಿಂತಿತು.

"ಇಲ್ಲಿ ಬಿಚ್ಚೈತಿ."

"ನಾನ ಬಿಚ್ಚಿದ್ದು. ತಪ್ಪು ಮಾಡಿದೆ. ನಿನ್ನ ಮುಂದ ಸುಳ್ಳೂ ಹೇಳಿದೆ."

ಹುಡುಗಿ ಕಂಪಾಸ್ ಡಬ್ಬಿ ತಂದು, ಅದರಲ್ಲಿದ್ದ ಮುರುಟಿದ ಕೆಂಪು ಎಳೆಯನ್ನು ಕುಂಚಿಗೆಯ ಪಕ್ಕದಲ್ಲಿಟ್ಟಳು. ಬೇರೆ ದಾರದ ಸೂಜಿಯನ್ನು ಎಡಗೈಗೆ ತೆಗೆದುಕೊಂಡು, ಬಿಚ್ಚಿದ ಎಲೆಯಿಂದ ಶುರುಮಾಡಿದಳು. ಗುಲ್ನಾರಳಿಗೆ ಏನೂ ತೋರಿಸಿಕೊಡಬೇಕಾಗಲಿಲ್ಲ. ಸೂಜಿ ಹಳೆಯ ತೂತಿನಲ್ಲಿ ಮೇಲೆ ಬಂತು, ಹಳೆಯ ತೂತಿನಲ್ಲಿ ಕೆಳಗಿಳಿಯಿತು. ಹತ್ತು ವರ್ಷದ ಹಿಂದೆ ಇನ್ನೊಂದು ಕೈ ಮಾಡಿಟ್ಟ ದಾರಿಯಲ್ಲಿ ಈ ಕೈ ತಡವರಿಸದೆ ನಡೆಯಿತು. ಒಂದು ಎಲೆ ಮುಗಿಯಿತು. ಎರಡನೆಯದು ಮುಗಿಯಿತು. ಹೊಸದು ಯಾವುದು ಹಳೆಯದು ಯಾವುದು ಎಂದು ಗುಲ್ನಾರಳಿಗೂ ತಿಳಿಯಲಿಲ್ಲ.

ಸಾಯಿಮಾ ಹಳೆಯ ದಾರದ ಸೂಜಿ ತೆಗೆದುಕೊಂಡು ಹನ್ನೆರಡನೆಯ ಹೂವಿಗೆ ಬಂದಳು. ಮೊದಲ ಎಸಳು ಹಾಕಿದಳು. ಎರಡನೆಯ ಎಸಳಿಗೆ ಸೂಜಿ ಚುಚ್ಚಿದಳು.

ಅಂಗಳದಲ್ಲಿ ನಳ ಗೊರಗೊರ ಎಂದು ಗಾಳಿ ಉಗುಳಿತು. ಎಂಟು ದಿನದ ನೀರು ಬಂದಿತ್ತು. ನಳದ ಕೆಳಗೆ ಇಟ್ಟಿದ್ದ ಕೊಡಕ್ಕೆ ಧಾರೆ ಬಿದ್ದ ಸದ್ದು, ಆಮೇಲೆ ಕೊಡ ತುಂಬುತ್ತ ಬಂದ ಸದ್ದು ಕೇಳಿತು. ಓಣಿಯ ತುಂಬ ಬಿಂದಿಗೆಗಳ ಗದ್ದಲ. ಗುಲ್ನಾರ ಏಳಲಿಲ್ಲ. ಕೊಡ ತುಂಬಿ ನೀರು ಕಲ್ಲಿನ ಮೇಲೆ ಸುರಿಯತೊಡಗಿತು. ಸಾಯಿಮಾ ಒಮ್ಮೆ ಬಾಗಿಲ ಕಡೆ ನೋಡಿ, ಅವ್ವ ಏಳುತ್ತಾಳೇನೋ ಎಂದು ಕಾದಳು.

"ಹರೀಲಿ ಬಿಡು," ಎಂದಳು ಗುಲ್ನಾರ. "ನಾ ಎಲ್ಲೂ ಹೋಗಂಗಿಲ್ಲ. ಕೇಳು."

ಸೂಜಿ ಬಟ್ಟೆಯ ನಡುವೆ ಅರ್ಧ ಒಳಗೆ ಅರ್ಧ ಹೊರಗೆ ನಿಂತಿತು. ಸಾಯಿಮಾಳ ಬಾಯಿ ತೆರೆಯಿತು, ಮುಚ್ಚಿತು. ಗುಲ್ನಾರ ಕೈ ಚಾಚಲಿಲ್ಲ, ಕಣ್ಣು ತಪ್ಪಿಸಲಿಲ್ಲ, ಜಡೆಯ ಮಾತೂ ಊಟದ ಮಾತೂ ತೆಗೆಯಲಿಲ್ಲ. ಮಗಳ ಕಣ್ಣನ್ನೇ ನೋಡುತ್ತ ಕೂತಳು.

"ಅವ್ವ," ಎಂದಳು ಸಾಯಿಮಾ. "ನಿನಗಿಂತ ಮದ್ಲ ನನಗ ಇನ್ನೊಬ್ಬಾಕಿ ಅವ್ವ ಇದ್ಲೇನ?"